ಕಸೆಯಿಲ್ಲದ ಕುಂಚಿಗೆ

ಐನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಹೊಲಿಗೆ ಯಂತ್ರಗಳಿವೆ. ಕಿಟಕಿಯ ಹತ್ತಿರದ್ದು ಅತ್ತೆಯವರದು, ಕಾಲಲ್ಲಿ ತುಳಿಯುವಂಥದ್ದು. ಗೋಡೆಯ ಕಡೆಯದು ನನ್ನದು, ಮೋಟಾರಿನದು. ಎರಡರಲ್ಲೂ ಕೂಸುಗಳ ಬಟ್ಟೆಯನ್ನೇ ಹೊಲಿಯುತ್ತೇವೆ: ಝಬಲಾ, ಲಂಗೋಟಿ, ಕುಲಾಯಿ, ದುಪಟಿ, ಕುಂಚಿಗೆ. ಕುಂಚಿಗೆಯೆಂದರೆ ತಲೆಯ ಟೊಪ್ಪಿಗೆಯೂ ಬೆನ್ನಿನ ಹೊದಿಕೆಯೂ ಒಂದೇ ಆದ ಬಟ್ಟೆ. ಹಣೆಯಿಂದ ಶುರುವಾಗಿ ಪಾದದವರೆಗೆ ಇಳಿಯುತ್ತದೆ. ಗದ್ದದ ಕೆಳಗೆ ಎರಡು ಕಸೆಗಳನ್ನು, ಎಂದರೆ ಬಟ್ಟೆಯ ಲಾಡಿಗಳನ್ನು, ಗಂಟು ಹಾಕಿ ಕಟ್ಟುತ್ತಾರೆ. ಅತ್ತೆಯವರ ಕುಂಚಿಗೆಯನ್ನು ಕೇಳಿಕೊಂಡು ರಾಯಬಾಗದಿಂದಲೂ ಜನ ಬರುತ್ತಿದ್ದರು. ಕಸೆಯ ತುದಿಗೆ ಅವರು ಬಣ್ಣದ ನೂಲಿನ ಗೊಂಡೆ ಕಟ್ಟುತ್ತಿದ್ದರು, ಗೊಂಡೆಯ ಮೇಲೊಂದು ಕರಿಮಣಿ. ಅದು ಅವರ ಗುರುತು.

ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಯಂತ್ರಗಳು ಈಗಲೂ ಅಲ್ಲೇ ಇವೆ, ನೋಡಿ ಬರೆದೆ. ಮುಂದಿನದನ್ನು ನೋಡಿ ಬರೆಯಲು ಆಗುವುದಿಲ್ಲ. ನಾದಿನಿ ಹೆರಿಗೆಗೆಂದು ಬಂದಿದ್ದ ಆ ಚಳಿಗಾಲದ ಬಗ್ಗೆ ನಮ್ಮ ಮನೆಯ ಮೂವರು ಹೆಂಗಸರಿಗೆ ಮೂರು ನೆನಪುಗಳಿವೆ. ಅವುಗಳಲ್ಲಿ ನನ್ನದನ್ನೇ ಹೆಚ್ಚು ನಂಬಿ ಎನ್ನಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ.

ನಮ್ಮ ಬಟ್ಟೆ ಹೋಗುತ್ತಿದ್ದುದು ಚಿಕ್ಕೋಡಿಯ ಒಂದು ಅಂಗಡಿಗೆ. ಅಂಗಡಿಯವರು ಜೈನರು, ಅಜ್ಜನ ಕಾಲದಿಂದ ಬಟ್ಟೆಯ ವ್ಯಾಪಾರ. ಈಚೆಗೆ ಅವರು ಮೊಬೈಲಿನಲ್ಲಿ ಫೋಟೋ ಹಾಕಿ ಪುಣೆಯ ಕಡೆಗೂ ಮಾಲು ಕಳಿಸಲು ಶುರು ಮಾಡಿದ್ದರು. ಅಲ್ಲಿನ ದೊಡ್ಡ ಗಿರಾಕಿಯೊಬ್ಬರು ನಮ್ಮ ಕುಂಚಿಗೆಗಳ ಕಟ್ಟನ್ನು ಬಿಚ್ಚಿ ನೋಡಿ ಹಾಗೆಯೇ ವಾಪಸ್ಸು ಕಳಿಸಿದ್ದರು. ನನ್ನನ್ನು ಕರೆಸಿ, ಒಂದನ್ನು ಕೈಯಲ್ಲಿ ಹಿಡಿದು, ಅಂಗಡಿಯವರು ಕಸೆಯನ್ನು ಮೆಲ್ಲಗೆ ಎಳೆದು ತೋರಿಸಿದರು.

"ಅಕ್ಕಾರ, ಕೊರಳ ಹತ್ರ ಕಸಿ ನಡ್ಯಾಂಗಿಲ್ಲಂತ್ರಿ. ಮಣಿ ನಡ್ಯಾಂಗಿಲ್ಲ, ಗೊಂಡೆ ನಡ್ಯಾಂಗಿಲ್ಲ. ಕೂಸು ಜಗ್ಗಿ ಬಾಯಾಗ ಹಾಕ್ಕೊಳ್ಳುವಂಥಾದ್ದು ಯಾವದೂ ಇರಬಾರದಂತ."

"ಕಸಿ ಇಲ್ಲಂದ್ರ ಕುಂಚಿಗಿ ತಲಿ ಮ್ಯಾಲ ಹ್ಯಾಂಗ ನಿಂದರತೈತ್ರಿ ಅಣ್ಣಾರ?"

"ಅದನ್ನ ನನ್ನ ಕೇಳಿದ್ರ? ನಾ ಮಾರಾಂವ. ಹೊಲಿಯಾವ್ರು ನೀವು."

ಆಮೇಲೆ ದನಿ ತಗ್ಗಿಸಿದರು. ಕಸೆ ತೊಟ್ಟಿಲಿನ ಕೊಂಡಿಗೆ ಸಿಕ್ಕಿ, ಕೂಸು ಹೊರಳಿದರೆ ಬಿಗಿದುಕೊಳ್ಳುತ್ತದಂತೆ. "ಹಂಗ ಆದದ್ದೂ ಐತಂತ್ರಿ ಎಲ್ಲೋ. ಎಲ್ಲಿ ಅಂತ ಕೇಳಬ್ಯಾಡ್ರಿ, ನನಗೂ ಕೇಳಾಕ ಆಗಲಿಲ್ಲ," ಎಂದರು.

ಇನ್ನು ಪ್ರತಿ ಬಟ್ಟೆಗೂ ಲೇಬಲ್ಲಿನ ಒಂದು ಪಟ್ಟಿ ಹೊಲಿಯಬೇಕು. ಬಟ್ಟೆ ಯಾವ ನೂಲಿನದು, ಎಷ್ಟು ತಿಂಗಳ ಕೂಸಿಗೆ, ಹೇಗೆ ಒಗೆಯಬೇಕು, ಯಾರು ಹೊಲಿದರು, ಊರು ಯಾವುದು. ಪಟ್ಟಿ ಕತ್ತಿನ ಹಿಂದೆ ಚುಚ್ಚದಂತೆ ಪಕ್ಕದ ಹೊಲಿಗೆಯಲ್ಲಿ ಬರಬೇಕು. ಸೂಜಿಯ ಮುರಿದ ತುದಿ ಒಳಗೆ ಉಳಿದಿರಬಾರದು. ಅದಕ್ಕೆ ಹಳೆಯ ಸ್ಪೀಕರಿನ ಒಂದು ಆಯಸ್ಕಾಂತ ಕೊಟ್ಟರು, ಹೊಲಿದದ್ದರ ಮೇಲೆಲ್ಲ ಆಡಿಸಿ ನೋಡಲು. ನಾನು ಕಾಟನ್ ಎಂದು ತಂದಿದ್ದ ಒಂದು ಥಾನಿನಿಂದ ಎಳೆ ಕಿತ್ತು ಕಡ್ಡಿ ಗೀರಿದರು. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಇದು ಉರಿಯಲಿಲ್ಲ. ಮುದುಡಿ, ಕರಗಿ, ತುದಿಯಲ್ಲಿ ಕಪ್ಪಗೆ ಗಟ್ಟಿಯಾದ ಒಂದು ಗುಂಡಾಗಿ ನಿಂತಿತು.

"ಇದಕ್ಕ ಕಾಟನ್ ಅಂತ ಪಟ್ಟಿ ಹಚ್ಚಿದ್ರ ಸುಳ್ಳ ಹೇಳಿದಂಗ ಆತು ನೋಡ್ರಿ," ಎಂದರು ಅವರು.

ಮನೆಗೆ ಬಂದು ಪಟ್ಟಿಯ ವಿಷಯ ಹೇಳಿದಾಗ ಅತ್ತೆಯವರು ಯಂತ್ರ ನಿಲ್ಲಿಸಲೂ ಇಲ್ಲ. "ಕೂಸಿಗೆ ಓದಾಕ ಬರತೈತೇನ? ಊರ ಹೆಸರ ಬ್ಯಾರೆ! ತೊಟ್ಟಲದಾಗಿಂದ ಎದ್ದ ಎಲ್ಲಿ ದಾರಿ ತಪ್ಪತೈತಿ ಅದು?" ಪಡಸಾಲೆಯಲ್ಲಿದ್ದವರೆಲ್ಲ ನಕ್ಕೆವು. ನಕ್ಕವರಲ್ಲಿ ನಾದಿನಿಯೂ ಇದ್ದಳು ಎಂದು ನನ್ನ ನೆನಪು. ತಾನು ಆಗ ಇನ್ನೂ ಬಂದೇ ಇರಲಿಲ್ಲ ಎಂದು ಅವಳು ಹೇಳುತ್ತಾಳೆ. ಇರಲಿಕ್ಕಿಲ್ಲ. ಆ ವರ್ಷದ ಯಾವ ನಗುವಿನಲ್ಲಾದರೂ ಅವಳು ಇರಲಿ ಎಂದು ನಾನೇ ಸೇರಿಸಿಕೊಂಡಿರಬಹುದು.

ನಾದಿನಿ, ಎಂದರೆ ನನ್ನ ಗಂಡನ ತಂಗಿ, ಹೆರಿಗೆಗೆಂದು ಉಗಾರ ಖುರ್ದದಿಂದ ಬಂದಳು. ಅವಳ ಗಂಡ ಅಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಕಬ್ಬು ಅರೆಯುವ ದಿನಗಳು, ಅವನಿಗೆ ರಜೆ ಸಿಗುತ್ತಿರಲಿಲ್ಲ. ಅವಳು ಹಿಂದೆ ಎರಡು ಸಲ ಬಸುರಾಗಿದ್ದಳು. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಎರಡನೆಯದು ಹುಟ್ಟಿ, ತೊಟ್ಟಿಲಿಗೆ ಹಾಕಿಸಿಕೊಂಡು, ಹೆಸರಿಟ್ಟುಕೊಂಡು, ಜ್ವರ ಬಂದು ಹೋಗಿತ್ತು. ಇದು ಮೂರನೆಯದು. ಹೊಟ್ಟೆಯ ಮೇಲೆ ಕೈಯಿಡುವುದಕ್ಕೂ ಹೆದರುವವಳ ಹಾಗೆ ಅವಳು ಕೈಗಳನ್ನು ಪಕ್ಕದಲ್ಲಿ ನೆಲಕ್ಕೂರಿ ಕೂರುತ್ತಿದ್ದಳು. ಈ ಕೂಸು ಉಳಿಯಬೇಕು. ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದಿದ್ದರೂ ಉಳಿದ ಮಾತೆಲ್ಲ ಅದರ ಸುತ್ತಲೇ ಇರುತ್ತಿತ್ತು.

ಮಕ್ಕಳು ಉಳಿಯದ ಮನೆಯಲ್ಲಿ ನಮ್ಮ ಕಡೆ ಒಂದು ರೂಢಿಯಿದೆ. ಹುಟ್ಟುವ ಕೂಸಿಗೆ ಸ್ವಂತದ ಬಟ್ಟೆ ತೊಡಿಸುವುದಿಲ್ಲ. ಐದು ಮನೆಗಳಲ್ಲಿ ಬೇಡಿ ತಂದ ಅರಿವೆಯಿಂದ ಕುಂಚಿಗೆ ಹೊಲಿದು ಅದನ್ನೇ ಮೊದಲು ಹೊದಿಸುತ್ತಾರೆ. ಕೂಸು ಈ ಮನೆಯದಲ್ಲ, ಎಲ್ಲರ ಮನೆಯದು, ಬೇಡಿ ಬಂದದ್ದು ಎಂದಾಗಬೇಕು. ಆ ಅರಿವೆಗೆ ದುಡ್ಡು ಕೊಡುವಂತಿಲ್ಲ. ಅದು ಹೊಸದಾಗಿರುವಂತಿಲ್ಲ, ಮಕ್ಕಳು ಉಳಿದ ಮನೆಯವರು ಉಟ್ಟು ಇಲ್ಲವೆ ಬಳಸಿ, ಒಗೆದು, ಸವೆಸಿದ್ದಾಗಿರಬೇಕು.

ಅತ್ತೆಯವರು ಪಕ್ಕದ ಮನೆಯಿಂದ ಒಂದು ಹಿಡಿ ಸಕ್ಕರೆಯನ್ನೂ ಕೇಳಿ ತಂದವರಲ್ಲ. ಅವರು ಒಂದು ಮುಂಜಾನೆ ಸ್ನಾನ ಮಾಡಿ, ಸೆರಗು ಒಡ್ಡಿಕೊಂಡು ಓಣಿಗೆ ಇಳಿದರು. ತಿರುಗಿ ಬಂದಾಗ ಸೆರಗಿನಲ್ಲಿ ಐದು ಹೊಸ ಖಣಗಳಿದ್ದವು.

ಖಣವೆಂದರೆ ಕುಪ್ಪಸದ ತುಂಡು. ಇಲ್ಲಿ ಯಾವ ಮನೆಗೆ ಹೋದರೂ ಉಡಿ ತುಂಬುವಾಗ ಒಂದು ಕೊಡುತ್ತಾರೆ. ಪಡೆದವರು ಅದನ್ನು ಹೊಲಿಸುವುದಿಲ್ಲ. ಕಪಾಟಿನಲ್ಲಿಟ್ಟು, ಮುಂದೆ ಬರುವ ಹೆಣ್ಣುಮಗಳ ಉಡಿಗೆ ಹಾಕುತ್ತಾರೆ. ಮಡಿಕೆ ಬಿಚ್ಚದೆಯೇ ಅವು ವರ್ಷಗಟ್ಟಲೆ ಊರು ತಿರುಗುತ್ತವೆ. ಅತ್ತೆಯವರು ನೇರಳೆ ಬಣ್ಣದ್ದೊಂದನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಇದು ನಾ ಕೊಟ್ಟಿದ್ದಲ್ಲೇನ? ಆಕಿ ಮಗಳ ಲಗ್ನದಾಗ?"

"ನಿಮ್ಮದs ನಿಮಗ ಬಂತು ಬಿಡ್ರಿ ಅತ್ತಿ. ಹಂಗಾದ್ರ ನಾಕs ಮನಿ ಆತು," ಎಂದೆ.

ಯಾರನ್ನೂ ದೂರುವಂತಿರಲಿಲ್ಲ. ಎರಡು ಕೂಸು ಕಳೆದುಕೊಂಡವಳ ತಾಯಿ ಸೆರಗೊಡ್ಡಿ ಬಾಗಿಲಲ್ಲಿ ನಿಂತರೆ ಹರಕು ಕೊಡಲು ಯಾರ ಕೈ ಮುಂದೆ ಬಂದೀತು? ಎಲ್ಲರೂ ಇದ್ದುದರಲ್ಲಿ ಹೊಳೆಯುವುದನ್ನೇ ಆರಿಸಿ ಕೊಟ್ಟಿದ್ದರು. ಅತ್ತೆಯವರಿಗೂ ಬಾಗಿಲಲ್ಲಿ ನಿಂತು ಇದು ಬೇಡ ಎನ್ನಲು ಬಾಯಿ ಬಂದಿರಲಿಲ್ಲ.

ಅವರು ಖಣಗಳನ್ನು ಕತ್ತರಿಸಲು ಹಾಸಿದರು. ನಾನು ಪ್ರತಿಯೊಂದರಿಂದಲೂ ಒಂದು ಎಳೆ ಕಿತ್ತೆ. ಯಾಕೆ ಆಗಲೇ, ನಾದಿನಿ ಎದುರಿಗಿರುವಾಗಲೇ ಕಿತ್ತೆ ಎಂಬುದಕ್ಕೆ ನನ್ನಲ್ಲಿ ಒಪ್ಪುವಂಥ ಉತ್ತರವಿಲ್ಲ. ಪಟ್ಟಿ ಹಚ್ಚುವ ಕೆಲಸ ಬಂದಾಗಿನಿಂದ ಯಾವ ಬಟ್ಟೆ ಕಂಡರೂ ಕೈ ತಾನೇ ಎಳೆ ಕೀಳುತ್ತಿತ್ತು ಎಂದು ಹೇಳಬಹುದು. ಅತ್ತೆಯವರ ಎದುರು ನನ್ನ ಮಾತು ಮೇಲಾಗಲಿ ಎಂಬ ಆಸೆಯೂ ಇದ್ದೀತು. ದೀಪದ ಕುಡಿಗೆ ಹಿಡಿದೆ. ಒಂದೂ ಬೂದಿಯಾಗಲಿಲ್ಲ. ಐದೂ ಕರಗಿ, ಪ್ಲಾಸ್ಟಿಕ್ಕು ಸುಟ್ಟ ವಾಸನೆ ಬಿಟ್ಟು, ತುದಿಯಲ್ಲಿ ಕಪ್ಪು ಗುಂಡು ಕಟ್ಟಿದವು. ನಾದಿನಿ ಕೈ ಚಾಚಿ ಒಂದನ್ನು ಮುಟ್ಟಿ ನೋಡಿದಳು. ಇನ್ನೂ ಬಿಸಿಯಿತ್ತು. ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು.

"ಅವ್ವಾ, ಇದು ಬ್ಯಾಡ," ಎಂದಳು.

"ಐದ ಮನಿ ಕೊಟ್ಟಾವ. ಬ್ಯಾಡ ಅನಬಾರದು."

"ಕೊಟ್ಟದ್ದ ಖರೆ. ಉಟ್ಟಿದ್ದ ಕೊಟ್ಟಿಲ್ಲಲ್ಲ?"

ಅತ್ತೆಯವರು ಖಣಗಳನ್ನು ಒಂದೊಂದಾಗಿ ಮತ್ತೆ ಅದೇ ಮಡಿಕೆಗೆ ಮಡಚಿದರು. "ಹರಕ ಕೊಡ್ರಿ ಅಂತ ಹ್ಯಾಂಗ ಕೇಳ್ಲಿ ನಾ? ಅವರಿಗೂ ಮಾನ ಐತಿ, ನನಗೂ ಐತಿ."

ನಾನು ಜೊತೆಗೆ ಬರುತ್ತೇನೆ ಎಂದೆ. ಎರಡನೆಯ ಸಲದ ಬೇಡುವಿಕೆ ಮೊದಲಿನದಕ್ಕಿಂತ ಕಷ್ಟದ್ದಾಯಿತು. ಕೊಡುವವರಿಗೇ ನಾಚಿಕೆ. ಒಬ್ಬಾಕೆ ಬಾಗಿಲು ಹಿಡಿದುಕೊಂಡೇ, "ಯವ್ವಾ, ಹರಕ ಕೊಟ್ಟರು ಅಂದ್ರ ಓಣ್ಯಾಗ ನಮ್ಮ ಮಾರಿ ಏನ ಉಳೀತು?" ಎಂದು ಕೇಳಿದಳು. ಇನ್ನೊಬ್ಬಾಕೆ ಮನೆಯನ್ನೆಲ್ಲ ಹುಡುಕಿ ಬಂದು ಕೈ ಕೊಡವಿದಳು: ಹತ್ತಿಯ ಹಳೆ ಸೀರೆಗಳನ್ನೆಲ್ಲ ಸ್ಟೀಲ್ ಪಾತ್ರೆ ಮಾರುವವಳಿಗೆ ಹಾಕಿ ಬುಟ್ಟಿ, ಡಬ್ಬಿ ತೆಗೆದುಕೊಂಡಾಗಿತ್ತು. ಈಗ ಉಡುವುದೆಲ್ಲ ಒಗೆದು ಹಾಕಿದರೆ ತಕ್ಷಣ ಒಣಗುವ ಸೀರೆಗಳು. ಹೆಂಗಸರ ಮೈಮೇಲೆ ಹತ್ತಿಯೇ ಉಳಿದಿಲ್ಲ ಎಂದು ನನಗೆ ಅವತ್ತು ತಿಳಿಯಿತು. ನಾನೂ ಅಂಥದ್ದನ್ನೇ ಉಟ್ಟಿದ್ದೆ.

ಹತ್ತಿ ಸಿಕ್ಕಿದ್ದು ಬೇರೆ ಕಡೆ. ಕುರಿ ಸಾಕುವ ಮನೆಯ ಅಜ್ಜ ತನ್ನ ಧೋತರದ ಒಂದು ಅಂಚು ಹರಿದು ಕೊಟ್ಟ. ಕೊಡುವಾಗ, "ಹೆಣ್ಣಾದ್ರ ನನ್ನ ಧೋತ್ರ ಉಟ್ಟಾಳ, ಗಂಡಾದ್ರ ನನ್ನ ಕುರಿ ಕಾದಾನ," ಎಂದು ನಕ್ಕ. ನಮ್ಮ ಓಣಿಯ ಜೈನರ ಮನೆಯವರು ನೀರು ಸೋಸುವ ಬಟ್ಟೆ ಕೊಟ್ಟರು. ದಿನವೂ ನಲ್ಲಿಗೆ ಕಟ್ಟಿ, ಒಗೆದು, ಒಣಗಿಸಿ, ಅದು ಕೂಸಿನ ಚರ್ಮದಷ್ಟೇ ಮೆತ್ತಗಾಗಿತ್ತು. ಮೂರನೆಯ ಮನೆಯವಳು ಹಳೆ ಕೌದಿಯೊಂದರ ಹೊಲಿಗೆ ಬಿಚ್ಚಿ ಒಳಪದರ ಹೊರತೆಗೆದಳು. ಅದು ಅವಳ ಅತ್ತೆಯ ಅತ್ತೆ ಉಟ್ಟ ಸೀರೆಯಂತೆ, ಬಣ್ಣ ಯಾವುದಿತ್ತೆಂದು ಹೇಳುವವರು ಯಾರೂ ಉಳಿದಿಲ್ಲ. ನಾಲ್ಕನೆಯದು ಒಬ್ಬ ಟ್ರ್ಯಾಕ್ಟರ್ ಚಾಲಕನ ಬನಿಯನ್. ಅವನ ಹೆಂಡತಿ ಅದನ್ನು ಸೆರಗಿನ ಮರೆಯಲ್ಲಿ ತಂದು ಕೊಟ್ಟಳು. "ಅಂವಗ ಹೇಳಬ್ಯಾಡ್ರಿ. ಇನ್ನ ಒಂದ ವರ್ಷ ಹಾಕ್ಕೋತೀನಿ ಅಂತಿದ್ದ."

ಐದನೆಯದು ಯಾವ ಮನೆಯದು? ಅತ್ತೆಯವರು ಒಂದು ಮನೆಯ ಹೆಸರು ಹೇಳುತ್ತಾರೆ, ಆ ಮನೆಯವರು ತಾವು ಕೊಟ್ಟೇ ಇಲ್ಲ ಎನ್ನುತ್ತಾರೆ. ಸಂಜೆಯಾಗಿತ್ತು, ಅತ್ತೆಯವರ ಮೊಣಕಾಲು ನೋಯುತ್ತಿದ್ದವು. ಐದನೆಯ ತುಂಡು ನಮ್ಮ ಮನೆಯದೇ ಇದ್ದೀತೆಂದು ನನಗೆ ಕೆಲವೊಮ್ಮೆ ಅನುಮಾನ ಬರುತ್ತದೆ. ಕೇಳಿಲ್ಲ.

ಒಗೆಯುವ ಮಾತು ಬಂದಾಗ ಮತ್ತೆ ತಕರಾರು. ಸಾಬೂನು ಹಾಕಿದರೆ ಐದು ಮನೆಯ ಕೈಗುಣ ತೊಳೆದುಹೋಗುತ್ತದೆ ಎಂದು ಅತ್ತೆಯವರು. ಆಗಷ್ಟೇ ಹುಟ್ಟಿದ ಕೂಸಿಗೆ ಒಗೆಯದ್ದನ್ನು ಹೊದಿಸಬಾರದು ಎಂದು ನಾನು. ಕೊನೆಗೆ ಅವರೇ, "ಕುದಿಯೂ ನೀರಾಗ ಹಾಕು. ಸಾಬಾಣ ಮುಟ್ಟಸಬ್ಯಾಡ," ಎಂದರು. ಹಂಡೆಯಲ್ಲಿ ಕುದಿಸಿದೆ. ಅಜ್ಜನ ಧೋತರದಿಂದ ಕುರಿಯ ವಾಸನೆ ಬಿಟ್ಟಿತು, ಹಂಡೆಯ ನೀರು ಕಲಗಚ್ಚಿನ ಬಣ್ಣವಾಯಿತು. ಅತ್ತೆಯವರು ಬಗ್ಗಿ ನೋಡಿ, ಅರಿವೆಯನ್ನು ಕೋಲಿನಿಂದ ಇನ್ನೊಮ್ಮೆ ಒಳಗೆ ಅದ್ದಿದರು.

ಕುಂಚಿಗೆಯನ್ನು ಅವರು ಯಂತ್ರದಲ್ಲಿ ಹೊಲಿಯಲಿಲ್ಲ, ಕೈಯಲ್ಲೇ ಹೊಲಿದರು. ಮುಗಿದ ಮೇಲೆ ಗೋಡೆಯ ಮೊಳೆಗೆ ತೂಗುಹಾಕಿದರು. ಕಸೆಗಳಿದ್ದವು. ಎರಡರ ತುದಿಯಲ್ಲೂ ಗೊಂಡೆ, ಗೊಂಡೆಯ ಮೇಲೆ ಕರಿಮಣಿ. ಕಿಟಕಿಯ ಗಾಳಿಗೆ ಅವು ಗೋಡೆಗೆ ತಾಗಿ ಟಕ್ ಟಕ್ ಎನ್ನುತ್ತಿದ್ದವು.

ಅದೇ ವಾರ ನಾನು ಚಿಕ್ಕೋಡಿಗೆ ಕಳಿಸಬೇಕಾದ ಕುಂಚಿಗೆಗಳಿಂದ ಕಸೆ ಬಿಚ್ಚುತ್ತಿದ್ದೆ. ಕಸೆಯ ಬದಲು ಮುಂದಿನ ಎರಡು ಅಂಚುಗಳನ್ನು ಅಗಲ ಮಾಡಿ ಒಂದರ ಮೇಲೊಂದು ಬರುವಂತೆ ಹೊಲಿಯಲು ಕಲಿತಿದ್ದೆ. ಹಾಗೆ ಹೊಲಿದರೆ ತಲೆಯ ಮೇಲೆ ನಿಲ್ಲುತ್ತಿತ್ತು, ಆದರೆ ಅತ್ತೆಯವರು ಕಟ್ಟಿದ ಹಾಗೆ ಬಿಗಿಯಾಗಿ ಅಲ್ಲ. ಕಿತ್ತ ಕಸೆಗಳು ಕಾಲ ಬಳಿ ರಾಶಿ ಬಿದ್ದಿದ್ದವು. ಮೊಳೆಯ ಮೇಲಿನದನ್ನು ನೋಡದೆ ಇರಲು ಆಗಲಿಲ್ಲ.

"ಅತ್ತಿ, ಅದರದ್ದೂ ತಗೀರಿ," ಎಂದೆ.

"ಅದು ಅಂಗಡಿಗೆ ಕೊಡೂದಲ್ಲ."

"ಗೊತ್ತೈತ್ರಿ."

"ಮಾರೂದಕ್ಕ ಕಾಯ್ದೆ. ಮನಿಗೆ ಯಾವ ಕಾಯ್ದೆ? ನನ್ನ ಮಕ್ಕಳೆಲ್ಲ ಕಸಿ ಕಟ್ಟಿಸಿಕೊಂಡs ಬೆಳದಾವ. ನಿನ್ನ ಗಂಡನೂ ಬೆಳದಾನ. ಅವನ ಕೊರಳಿಗೆ ಏನಾಗೇತಿ?"

"ಮಾರೂ ಕೂಸಿನ ಕೊರಳ ಬ್ಯಾರೆ, ಮನಿ ಕೂಸಿನ ಕೊರಳ ಬ್ಯಾರೆ ಏನ್ರಿ?"

ಈ ಮಾತನ್ನು ನಾನು ಇಷ್ಟು ಚೊಕ್ಕವಾಗಿ ಹೇಳಿರಲಾರೆ. ನೆನಪು ಅದನ್ನು ತಿಕ್ಕಿ ತಿಕ್ಕಿ ಹೊಳಪು ಮಾಡಿದೆ. ಅತ್ತೆಯವರು ಹೇಳಿದ ಉತ್ತರಕ್ಕೆ ಮಾತ್ರ ಯಾವ ಹೊಳಪೂ ಬಂದಿಲ್ಲ, ಹೇಳಿದ ಹಾಗೆಯೇ ಉಳಿದಿದೆ.

"ತಗದ ಮ್ಯಾಲ ಈ ಸಲಾನೂ ಏನರೆ ಆತು ಅಂದ್ರ, ನಿನ್ನ ಕತ್ತರಿ ಅಂತೀನಿ ನಾ. ಸಾಯೂತನಾ ಅಂತೀನಿ."

ನಾನು ಕತ್ತರಿ ಕೆಳಗಿಟ್ಟೆ. ತೊಟ್ಟಿಲು, ಕೊಂಡಿ, ಹೊರಳುವ ಕೂಸು, ಇದೆಲ್ಲ ಕಣ್ಣ ಮುಂದೆ ಇತ್ತು. ಆದರೂ ಇಟ್ಟೆ. ನಾದಿನಿ ಬಾಗಿಲ ಬಳಿ ಕುಳಿತಿದ್ದಳು. ಅವಳ ಕಡೆ ನಾವಿಬ್ಬರೂ ನೋಡಿರಲಿಲ್ಲ. ಅವಳು ಗೋಡೆ ಹಿಡಿದು, ನಿಧಾನಕ್ಕೆ, ಒಂದು ಕಾಲನ್ನು ಮೊದಲು ಊರಿ ಎದ್ದಳು.

"ಏನರೆ ಆದ್ರ ನನಗ ಆಗೂದು," ಎಂದಳು. "ವೈನಿಗೂ ಅಲ್ಲ, ನಿನಗೂ ಅಲ್ಲ ಬೇ ಅವ್ವಾ. ಎರಡ ಸಲ ನನಗs ಆಗೇತಿ. ಹಿಂದಿನ ಕೂಸಿಗೆ ನೀ ಹೊಲದ ಕುಂಚಿಗ್ಯಾಗೂ ಕಸಿ ಇತ್ತು. ಕಸಿ ಕಟ್ಟಿದಾಗೂ ಹೋತು. ಅದಕ್ಕ ನಾ ಯಾರ ಕತ್ತರಿ ಅನ್ನಲಿ?"

ಮೊಳೆಯಿಂದ ಕುಂಚಿಗೆ ತೆಗೆದುಕೊಂಡು ಮತ್ತೆ ಕುಳಿತಳು. ಕತ್ತರಿ ಕೇಳಲಿಲ್ಲ. ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆಯನ್ನು ಎತ್ತಿ ಬಿಚ್ಚತೊಡಗಿದಳು. ಅತ್ತೆಯವರ ಹೊಲಿಗೆ ಗಟ್ಟಿ, ಹತ್ತಿರ ಹತ್ತಿರ ಹಾಕಿದ್ದು. ಬಹಳ ಹೊತ್ತು ಹಿಡಿಯಿತು. ನಡುವೆ ಅತ್ತೆಯವರು ಎದ್ದು ಹೋಗಿ ಒಲೆ ಹೊತ್ತಿಸಿದರು, ಹೊತ್ತಿಸುವಂಥ ಕೆಲಸ ಏನೂ ಇರಲಿಲ್ಲ. ನಾನು ಆಯಸ್ಕಾಂತ ತಂದು ನಾದಿನಿಯ ಪಕ್ಕ ಇಟ್ಟೆ. ಬಿಚ್ಚಿ ಮುಗಿಸಿ ಅವಳೇ ಅದನ್ನು ಬಟ್ಟೆಯ ಮೇಲೆಲ್ಲ ಆಡಿಸಿದಳು, ಮಡಿಕೆಯ ಒಳಗೂ. ಏನೂ ಅಂಟಲಿಲ್ಲ. ಆಗ ಅವಳು ಅತ್ತಳು. ಅವಳನ್ನು ಕೇಳಿದರೆ, ಅತ್ತದ್ದು ತಾನಲ್ಲ, ನಾನು ಎನ್ನುತ್ತಾಳೆ.

ಮಿರಜದ ದವಾಖಾನೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ತೂಕ ಸ್ವಲ್ಪ ಕಡಿಮೆ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಲ್ಲಿಯ ನರ್ಸು ಕುಂಚಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ ಮರಾಠಿಯಲ್ಲಿ, ಮೆತ್ತಗಿದೆ, ಕುದಿಸಿದ್ದೀರಾ ಎಂದು ಕೇಳಿದಳು. ಅತ್ತೆಯವರು ನನಗಿಂತ ಮೊದಲೇ "ಹೋ, ಹೋ" ಎಂದು ಹೂಂಗುಟ್ಟಿದರು. ಕೂಸು ಉಳಿಯಿತು. ದವಾಖಾನೆಯಿಂದ ಉಳಿಯಿತೋ, ಐದು ಮನೆಯ ಅರಿವೆಯಿಂದಲೋ, ಇನ್ನಾವುದರಿಂದಲೋ ಎಂದು ಹೇಳುವ ಧೈರ್ಯ ನನಗಿಲ್ಲ. ಅರಿವೆಯೇ ಕಾದಿದ್ದಾದರೆ, ಐದನೆಯ ಮನೆಯ ಲೆಕ್ಕ ಇನ್ನೂ ಸರಿಯಾಗಿಲ್ಲ. ಕಸೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದೂ ಯಾರಿಗೂ ತಿಳಿಯುವುದಿಲ್ಲ, ಬಹುಶಃ ಏನೂ ಆಗುತ್ತಿರಲಿಲ್ಲ.

ಬಾಡಿಗೆಯ ಕಾರಿನಲ್ಲಿ ಊರಿಗೆ ಹೊರಟೆವು. ಮುಂದೆ ಚಾಲಕನ ಪಕ್ಕ ನಾನು, ಹಿಂದೆ ಅತ್ತೆಯವರು ಮತ್ತು ನಾದಿನಿ. ಕಾಗವಾಡ ದಾಟಿದ ಮೇಲೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡೆರಡು ಟ್ರೇಲರು. ಅವುಗಳ ಹಿಂದೆ ನಡಿಗೆಯ ವೇಗದಲ್ಲಿ ಸಾಗಬೇಕಿತ್ತು. ಕಿಟಕಿ ಮುಚ್ಚಿದ್ದರೂ ಎಲ್ಲಿಂದಲೋ ಥಂಡಿ ಗಾಳಿ ನುಗ್ಗುತ್ತಿತ್ತು. ನಾನು ತಿರುಗಿ ನೋಡಿದೆ. ಕೂಸು ಅತ್ತೆಯವರ ತೊಡೆಯ ಮೇಲಿತ್ತು. ಕುಂಚಿಗೆಯ ಎರಡು ಅಂಚುಗಳನ್ನು ಗದ್ದದ ಕೆಳಗೆ ಕೂಡಿಸಿ ಅವರು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದಿದ್ದರು. ಬೆರಳು ಕೊರಳಿಗೆ ತಾಗಿರಲಿಲ್ಲ, ಒಂದು ಗೋಧಿ ಕಾಳಿನಷ್ಟು ದೂರದಲ್ಲಿತ್ತು. ಮಿರಜದಿಂದಲೇ ಹಾಗೆ ಹಿಡಿದಿದ್ದರೋ, ಗಾಳಿ ಬಂದ ಮೇಲೆ ಹಿಡಿದರೋ ನನಗೆ ಗೊತ್ತಿಲ್ಲ. ನಡುವೆ ನನಗೆ ನಿದ್ದೆ ಹತ್ತಿತ್ತು. ಎಚ್ಚರವಾದಾಗಲೂ ಕೈ ಅಲ್ಲೇ ಇತ್ತು.

"ಅವ್ವಾ, ಕೈ ಸೋತಾವು. ಕೊಡ ಇಲ್ಲೆ, ನಾ ಹಿಡೀತೀನಿ," ಎಂದಳು ನಾದಿನಿ.

"ಸೋತ್ರ ನನ್ನ ಕೈ ಸೋಲತಾವ. ನೀ ಬಾಳಂತಿ, ಸುಮ್ಮ ಕಣ್ಣ ಮುಚ್ಚು."

ಮುಂದಿನ ಟ್ರ್ಯಾಕ್ಟರು ಗುಂಡಿಗೆ ಇಳಿದು ಹತ್ತಿತು, ನಮ್ಮ ಕಾರೂ ಇಳಿದು ಹತ್ತಿತು. ಕೂಸಿನ ತಲೆ ಒಂದು ಪಕ್ಕಕ್ಕೆ ಹೊರಳಿತು. ಅತ್ತೆಯವರ ಬೆರಳುಗಳು ತಟ್ಟನೆ ಸಡಿಲಿ, ತಲೆ ಹೊರಳುವಷ್ಟು ಹೊರಳಲು ಬಿಟ್ಟು, ಅದು ನೆಲೆ ನಿಂತ ಮೇಲೆ ಅಂಚುಗಳನ್ನು ಮತ್ತೆ ಕೂಡಿಸಿದವು.